ಪಲ್ಟಿ ಆತೋ, ಪಲ್ಟಿ ಹೊಡೆಸಿದ್ರೋ? ಕರ್ಜಗಿಯಲ್ಲಿ ಸಿಕ್ಕ ಒಂದು ಪ್ರಶ್ನೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಒಂದು ಸಣ್ಣ ಸುದ್ದಿ ಬರೆದಿದ್ದೆವು. ಗೋವಿನಜೋಳದ ಚೀಲ ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರ್ ಟ್ರೇಲರ್ ಒಂದು ತಿರುವಿನಲ್ಲಿ ಉರುಳಿತ್ತು. ಮೇಲೆ ಕೂತಿದ್ದ ಒಬ್ಬರ ಕಾಲು ಮುರಿದಿತ್ತು. ನಾಲ್ಕು ಸಾಲಿನ ಸುದ್ದಿ. ತಲೆಬರಹ: ‘ಟ್ರ್ಯಾಕ್ಟರ್ ಪಲ್ಟಿ, ಒಬ್ಬರಿಗೆ ಗಾಯ’.

ಎರಡು ದಿನ ಬಿಟ್ಟು ಕರ್ಜಗಿಗೆ ಹೋದಾಗ ಚಹಾದಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಫೋನ್ ತೆಗೆದು ಆ ಸುದ್ದಿ ತೋರಿಸಿದರು.

“ಇದನ್ನ ಬರದವ್ರು ನೀವ ಏನು?”

“ಹೌದ್ರಿ ಅಜ್ಜಾರ.”

“ಪಲ್ಟಿ ಅಂತ ಬರದೀರಿ. ಪಲ್ಟಿ ಆತೋ, ಪಲ್ಟಿ ಹೊಡೆಸಿದ್ರೋ?”

ನಮಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. “ಆ ತಿರುವಿನ್ಯಾಗ ರಸ್ತೆದ ಅಂಚು ಕುಸದು ಎರಡು ಮಳಿಗಾಲ ಆತು ತಮ್ಮಾ. ಎಷ್ಟ ಸಲ ಹೇಳಿದ್ರೂ ಯಾರೂ ಮಣ್ಣ ಹಾಕಲಿಲ್ಲ. ಟ್ರ್ಯಾಕ್ಟರ್ ಅವತ್ತ ಬಿತ್ತು, ಖರೆ. ಆದ್ರ ಅದು ಬೀಳಾಕ ಹತ್ತಿ ಎರಡು ವರ್ಷ ಆಗಿತ್ತು.”

ಅವರು ಚಹಾ ಕುಡಿದು ಎದ್ದು ಹೋದರು. ಪ್ರಶ್ನೆ ನಮ್ಮ ಬಳಿ ಉಳಿಯಿತು. ದಿನಾ ಬರೆಯುವ ಈ ಪದದ ಅರ್ಥವೇನು, ಅದು ಎಲ್ಲಿಂದ ಬಂತು ಎಂದು ಅಂದಿನಿಂದ ಹುಡುಕಿದೆವು. ಹುಡುಕುತ್ತ ಹೋದಂತೆ ಅಜ್ಜಾರ ಪ್ರಶ್ನೆಗೆ ಉತ್ತರ ಆ ಪದದ ಹೊಟ್ಟೆಯೊಳಗೇ ಇದೆ ಎಂದು ಗೊತ್ತಾಯಿತು.

ದಿನಕ್ಕೆ ಎಷ್ಟು ಪಲ್ಟಿ?

ನಮ್ಮ ಕಡೆ ಈ ಪದ ಇಲ್ಲದ ಜಾಗವೇ ಇಲ್ಲ. ಹೆದ್ದಾರಿಯಲ್ಲಿ ಲಾರಿ ಪಲ್ಟಿ. ಬಾವಿಗೆ ಹಾರುವ ಹುಡುಗ ಗಾಳಿಯಲ್ಲೇ ಒಂದು ಪಲ್ಟಿ ಹೊಡೆದು ಬೀಳುತ್ತಾನೆ. ಊರ ಪಂಚರ ಮುಂದೆ ಒಂದು ಹೇಳಿ, ಮರುದಿನ ಠಾಣೆಯಲ್ಲಿ ಇನ್ನೊಂದು ಹೇಳಿದವನು ‘ಪಲ್ಟಿ ಹೊಡೆದ’. ಗೆಲ್ಲುತ್ತಿದ್ದ ತಂಡ ಕೊನೆಯ ಎರಡು ಓವರಿನಲ್ಲಿ ಸೋತರೆ ‘ಮ್ಯಾಚ್ ಪಲ್ಟಿ’. ಸೋಮವಾರ ಇದ್ದ ದರ ಗುರುವಾರ ಇಲ್ಲವಾದರೆ ‘ರೇಟ್ ಪಲ್ಟಿ’.

ಎಲ್ಲದರಲ್ಲೂ ಎರಡು ಸಂಗತಿ ಇವೆ. ಒಂದು, ಮೇಲಿದ್ದದ್ದು ಕೆಳಗಾಗುವುದು. ಇನ್ನೊಂದು, ಅದು ದಿಢೀರನೆ ಆಗುವುದು. ಮುದುಕನ ಕೂದಲು ಬೆಳ್ಳಗಾದರೆ ಯಾರೂ ಪಲ್ಟಿ ಎನ್ನುವುದಿಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆದರೆ ಮಾತ್ರ ಪಲ್ಟಿ.

ಹೊಳ್ಳಿ ನೋಡಿದರೆ

ಪಲ್ಟಿ ಬರುವ ಮೊದಲು ನಮ್ಮಲ್ಲಿ ಇದಕ್ಕೆ ಪದ ಇರಲಿಲ್ಲವೇ? ಬೇಕಾದಷ್ಟಿದ್ದವು. ಇಂದಿಗೂ ಇವೆ.

ಹಾವೇರಿ, ಧಾರವಾಡ ಸೀಮೆಯಲ್ಲಿ ‘ಹೊಳ್ಳು’ ಎನ್ನುತ್ತೇವೆ. ‘ಹೊಳ್ಳಿ ಬಾ’ ಅಂದರೆ ಮರಳಿ ಬಾ. ‘ಹೊಳ್ಳಿ ನೋಡು’ ಅಂದರೆ ಹಿಂದಕ್ಕೆ ತಿರುಗಿ ನೋಡು. ಹಂಚಿನ ಮೇಲಿನ ರೊಟ್ಟಿಯನ್ನು ‘ಹೊಳ್ಳಿಸಿ’ ಹಾಕುತ್ತಾರೆ. ಇದು ಪುಸ್ತಕದ ‘ಹೊರಳು’ ಎಂಬ ಪದದ ಮನೆಮಾತಿನ ರೂಪ. ಹಳಗನ್ನಡದಲ್ಲಿ ಇದು ‘ಪೊರಳ್’ ಆಗಿತ್ತು. ತಮಿಳಿನಲ್ಲೂ ಇದರ ಸೋದರ ಪದವಿದೆ. ಅಂದರೆ ಅಪ್ಪಟ ದ್ರಾವಿಡ ಮನೆತನದ ಮಾತು.

‘ಬುಡಮೇಲು’ ಇದೆ: ಗಿಡದ ಬುಡ ಮೇಲೆ ಬರುವುದು. ‘ತಲೆಕೆಳಗು’ ಇದೆ: ಮನುಷ್ಯನ ತಲೆ ಕೆಳಗೆ ಹೋಗುವುದು. ‘ಡಬ್ಬ ಬಿದ್ದ’ ಎನ್ನುತ್ತೇವೆ: ಮುಖ ನೆಲಕ್ಕೆ ಹತ್ತುವಂತೆ ಬೀಳುವುದು. ಹುಡುಗರು ಹಾಕುವುದಕ್ಕೆ ‘ಲಾಗ’ ಎಂಬ ಒಳ್ಳೆಯ ಪದವಿದೆ. ಗಾಳಿಪಟ ಗೋತಾ ಹೊಡೆಯುತ್ತದೆ. ಪರೀಕ್ಷೆಯಲ್ಲಿ ನಪಾಸಾದವನೂ ಗೋತಾ ಹೊಡೆಯುತ್ತಾನೆ.

ಈ ಪದಗಳಲ್ಲಿ ಒಂದು ಗುಣ ಗಮನಿಸಿ. ಯಾವುದು ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ಅವು ಹೇಳುತ್ತವೆ. ಬುಡ ಮೇಲಾಯಿತು, ತಲೆ ಕೆಳಗಾಯಿತು. ಪಲ್ಟಿ ಅಷ್ಟು ಹೇಳುವುದಿಲ್ಲ. ‘ಆಗಿಹೋಯಿತು’ ಎನ್ನುವುದಷ್ಟೇ ಅದರ ದನಿ. ಸುದ್ದಿ ಬರೆಯುವ ನಮಗೆ ಅದು ಅನುಕೂಲವಾದದ್ದೂ ಇದಕ್ಕೇ. ಎರಡೂವರೆ ಅಕ್ಷರದಲ್ಲಿ ತಲೆಬರಹ ಮುಗಿಯುತ್ತದೆ, ಹೆಚ್ಚು ವಿಚಾರಿಸುವ ಕೆಲಸವಿಲ್ಲ.

ಅಕ್ಕ ಪಲ್ಲಟ, ತಂಗಿ ಪಲ್ಟಿ

ಈಗ ಮೂಲಕ್ಕೆ ಬರೋಣ.

ಪಲ್ಟಿ ನಮಗೆ ಹಿಂದಿ, ಮರಾಠಿ ಕಡೆಯಿಂದ ಬಂದ ಪದ. ಹಿಂದಿಯಲ್ಲಿ ‘ಪಲಟ್‌ನಾ’ ಅಂದರೆ ತಿರುಗುವುದು, ಮಗುಚುವುದು. ಮರಾಠಿಯಲ್ಲಿ ‘ಪಾಲಟ’ ಅಂದರೆ ಬದಲಾವಣೆ. ಮುಂಬೈಯಲ್ಲಿ ಮಂತ್ರಿಗಳ ಖಾತೆ ಅದಲುಬದಲಾದರೆ ಮರಾಠಿ ಪತ್ರಿಕೆಗಳು ‘ಖಾಂದೇಪಾಲಟ’ ಎಂದು ಬರೆಯುತ್ತವೆ. ಖಾಂದಾ ಅಂದರೆ ಹೆಗಲು. ಒಂದು ಹೆಗಲಿನ ಹೊರೆ ಇನ್ನೊಂದು ಹೆಗಲಿಗೆ ಹೋಯಿತು ಎಂದು ಅರ್ಥ.

ಹಾಗಾದರೆ ಇದು ಪೂರ್ತಿ ಹೊರಗಿನ ಪದವೇ? ಇಲ್ಲೊಂದು ಸೋಜಿಗವಿದೆ. ಇದರ ಅಕ್ಕ ನಮ್ಮ ಮನೆಯಲ್ಲಿ ಬಹಳ ಹಿಂದಿನಿಂದ ಇದ್ದಾಳೆ. ಅವಳ ಹೆಸರು ‘ಪಲ್ಲಟ’. ‘ಸ್ಥಾನಪಲ್ಲಟ’ ಎನ್ನುತ್ತೇವಲ್ಲ, ಅದೇ ಪಲ್ಲಟ. ಪಲ್ಲಟ ಅಂದರೆ ಇದ್ದ ಜಾಗ ತಪ್ಪುವುದು, ಹಿಂದುಮುಂದಾಗುವುದು.

ಇಬ್ಬರ ತಾಯಿಬೇರು ಒಂದೇ. ಸಂಸ್ಕೃತದಲ್ಲಿ ‘ಪರ್ಯಸ್ತ’ ಎಂಬ ಪದವಿದೆ. ಪ್ರಾಕೃತದಲ್ಲಿ, ಅಂದರೆ ಸಂಸ್ಕೃತದ ಜೊತೆಗೇ ಜನರ ಬಾಯಲ್ಲಿದ್ದ ಆಡುಮಾತುಗಳಲ್ಲಿ, ಅದು ಸವೆದು ‘ಪಲ್ಲಟ್ಟ’ ಎಂಬಂತಾಯಿತು. ಆ ದಾರಿಯಲ್ಲಿ ಬಂದದ್ದು ಕನ್ನಡದ ಪಲ್ಲಟ. ಅದೇ ಪ್ರಾಕೃತ ಪದ ಉತ್ತರದ ಭಾಷೆಗಳಲ್ಲಿ ಇನ್ನೂ ಸವೆದು ಪಲಟ್, ಪಾಲಟ, ಪಲಟಿ ಆಯಿತು. ಬಹಳ ಕಾಲದ ಮೇಲೆ ಆ ರೂಪ ಪಲ್ಟಿಯಾಗಿ ನಮ್ಮ ಊರಿಗೆ ಬಂತು. ಅಕ್ಕ ಪುಸ್ತಕ ಹಿಡಿದು ಬಂದಳು, ತಂಗಿ ಸಂತೆ ಮತ್ತು ಸಡಕಿನ ದಾರಿ ಹಿಡಿದು ಬಂದಳು.

ಇವು ಹೊರಗಿನಿಂದ ಬಂದವು ಎನ್ನಲು ಒಂದು ಗುರುತು ಪದದ ಮೊದಲ ಅಕ್ಷರದಲ್ಲೇ ಇದೆ. ಹಳಗನ್ನಡದ ‘ಪ’ ಕಾಲಕ್ರಮದಲ್ಲಿ ‘ಹ’ ಆಯಿತು. ಪಾಲ್ ಇದ್ದದ್ದು ಹಾಲು ಆಯಿತು. ಪುಲಿ ಹುಲಿಯಾಯಿತು. ಪೂ ಹೂವಾಯಿತು. ಪಾವು ಹಾವಾಯಿತು. ನಾವು ಮೇಲೆ ನೋಡಿದ ಪೊರಳ್ ಹೊರಳಾಗಿ, ಹೊಳ್ಳಾಯಿತು. ಈ ಬದಲಾವಣೆ ಸುಮಾರು ಹತ್ತನೆಯ ಶತಮಾನದಿಂದ ಶುರುವಾಗಿ ಕೆಲವು ನೂರು ವರ್ಷ ನಡೆಯಿತು. ಅದು ಮುಗಿದ ಮೇಲೆ ಬಂದ ಪದಗಳಿಗೆ ಈ ಬದಲಾವಣೆ ತಾಗಲಿಲ್ಲ. ಆದ್ದರಿಂದಲೇ ಪಲ್ಟಿ ‘ಹಲ್ಟಿ’ ಆಗಲಿಲ್ಲ. ಪಗಡಿ, ಪಟಾಕಿ ಕೂಡ ಹೀಗೇ ಉಳಿದವು. ಸಂಸ್ಕೃತ, ಪ್ರಾಕೃತದ ಪದಗಳೆಂದು ಓದುಬರಹದಲ್ಲಿ ಬಳಸುತ್ತಿದ್ದ ಹಲವು ಪದಗಳೂ ‘ಪ’ವನ್ನು ಉಳಿಸಿಕೊಂಡವು. ಪಲ್ಲಟ ಆ ಸಾಲಿನದು.

ಒಂದು ಎಚ್ಚರಿಕೆ. ‘ಪಲ್ಟನ್’ ಎಂಬ ಪದ ಕೇಳಿದ್ದೀರಿ. ಸೈನ್ಯದ ತುಕಡಿ. ಅದು ಈ ಮನೆತನದ್ದಲ್ಲ. ಅದು ಇಂಗ್ಲಿಷಿನ ‘ಪ್ಲಟೂನ್’ನಿಂದ ಬಂದದ್ದು, ಅದರ ಮೂಲ ಫ್ರೆಂಚ್. ಕೇಳಲು ಒಂದೇ ತರ ಇದ್ದರೆ ನೆಂಟರಾಗುವುದಿಲ್ಲ.

ಎಸೆದವರು ಯಾರು?

ಈಗ ಮುಖ್ಯ ಮಾತಿಗೆ ಬಂದೆವು. ಪರ್ಯಸ್ತ ಎಂಬ ಪದವನ್ನು ಬಿಡಿಸಿದರೆ ‘ಪರಿ’ ಮತ್ತು ‘ಅಸ್ತ’. ಇಲ್ಲಿ ‘ಅಸ್’ ಎಂಬ ಧಾತುವಿನ ಅರ್ಥ ಎಸೆಯುವುದು. ‘ಅಸ್ತ್ರ’ ಎನ್ನುವುದು ಇದೇ ಧಾತುವಿನಿಂದ ಬಂದಿದೆ: ಎಸೆಯುವ ಆಯುಧ. ‘ವಿಪರ್ಯಾಸ’ ಕೂಡ ಇದರಿಂದಲೇ ಹುಟ್ಟಿದ್ದು. ಪರ್ಯಸ್ತ ಅಂದರೆ ಎಸೆಯಲ್ಪಟ್ಟದ್ದು, ಉರುಳಿಸಲ್ಪಟ್ಟದ್ದು.

ತಾನಾಗಿ ಬಿದ್ದದ್ದು ಎಂದಲ್ಲ. ಎಸೆಯಲ್ಪಟ್ಟದ್ದು.

ಎಸೆತ ಇದ್ದ ಮೇಲೆ ಎಸೆದ ಕೈ ಇರಲೇಬೇಕು. ಸಾವಿರಾರು ವರ್ಷ ಬಾಯಿಂದ ಬಾಯಿಗೆ ಸವೆದು ಬರುವಾಗ ಪದದಿಂದ ಆ ಕೈ ಉದುರಿಹೋಯಿತು. ಉರುಳಿದ್ದು ಮಾತ್ರ ಉಳಿಯಿತು. ಕರ್ಜಗಿಯ ಅಜ್ಜಾರು ಕೇಳಿದ್ದು ಉದುರಿಹೋದ ಆ ಕೈಯನ್ನು.

ಈ ಪ್ರಶ್ನೆ ಹಿಡಿದುಕೊಂಡು ನಮ್ಮ ಸುತ್ತಲಿನ ನಾಲ್ಕು ಪಲ್ಟಿಗಳನ್ನು ನೋಡೋಣ. ಮೊದಲನೆಯದು ಕರ್ಜಗಿಯದೇ.

ಕರ್ಜಗಿ ತಾಲ್ಲೂಕಿನ ಹಾವೇರಿ

ಇವತ್ತು ವಿಳಾಸ ಬರೆಯುವಾಗ ‘ಕರ್ಜಗಿ, ತಾಲ್ಲೂಕು ಹಾವೇರಿ, ಜಿಲ್ಲೆ ಹಾವೇರಿ’ ಎಂದು ಬರೆಯುತ್ತೇವೆ. ಬ್ರಿಟಿಷರ ಕಾಲದ ಕಾಗದ ತೆಗೆದರೆ ಇದು ತಿರುವುಮುರುವಾಗಿದೆ. ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ ಒಂದು ತಾಲ್ಲೂಕಿನ ಹೆಸರೇ ಕರ್ಜಗಿ. ಹಾವೇರಿ ಆ ಕರ್ಜಗಿ ತಾಲ್ಲೂಕಿನೊಳಗಿನ ಒಂದು ಊರು. ಅಂದರೆ ಇವತ್ತಿನ ಜಿಲ್ಲಾ ಕೇಂದ್ರ ಅಂದು ಕರ್ಜಗಿಯ ಹೆಸರಿನಡಿ ಇತ್ತು.

ರೈಲು ಬಂದಾಗ ದಾರಿ ಎರಡೂ ಊರನ್ನು ಮುಟ್ಟಿತು. ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ಗಾಡಿ ಸವಣೂರು ಸ್ಟೇಷನ್ ದಾಟಿ ಕರ್ಜಗಿ, ಆಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ಸಾಗುತ್ತದೆ. ಕರ್ಜಗಿಯಲ್ಲಿ ಇವತ್ತಿಗೂ ಸ್ಟೇಷನ್ ಇದೆ. ಆದರೆ ಊರು ಬೆಳೆಯುವುದು ಸ್ಟೇಷನ್ನಿನಿಂದ ಮಾತ್ರವಲ್ಲ. ಪೇಟೆ ಎಲ್ಲಿ ಕೂಡುತ್ತದೆ, ಕಚೇರಿ ಎಲ್ಲಿ ಕೂರುತ್ತದೆ, ಕೋರ್ಟು ಎಲ್ಲಿದೆ ಎನ್ನುವುದರ ಮೇಲೆ ಜನ ಸೇರುತ್ತಾರೆ. ಹಾವೇರಿ ದೊಡ್ಡದಾಯಿತು. ತಾಲ್ಲೂಕು ಹಾವೇರಿಯ ಹೆಸರಿಗೆ ಬಂತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. 1997ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ ಮತ್ತು ಹಾವೇರಿ ಹೊಸ ಜಿಲ್ಲೆಗಳಾದವು.

ಹೊಸ ಜಿಲ್ಲೆಯಾದ ದಿನ ಸಿಹಿ ಹಂಚಿದವರಿಗೆ ಅದು ಒಂದು ದಿನದ ಘಟನೆ. ಆದರೆ ಹೆಸರು ಕೊಟ್ಟ ಊರು ಹಳ್ಳಿಯಾಗಿ, ಹೆಸರು ಹೊತ್ತ ಊರು ಜಿಲ್ಲೆಯಾಗಲು ನೂರು ವರ್ಷವೇ ಹಿಡಿಯಿತು. ಒಂದೊಂದು ಕಚೇರಿ, ಒಂದೊಂದು ದಾಖಲೆ ಜಾಗ ಬದಲಿಸುತ್ತ ಹೋಯಿತು. ಇದಕ್ಕೆ ಪಲ್ಟಿ ಎನ್ನಲು ಬರುವುದಿಲ್ಲ. ಅಕ್ಕನ ಹೆಸರೇ ಸರಿ: ಸ್ಥಾನಪಲ್ಲಟ.

ಕರ್ಜಗಿ ದಾಸರು

ಎರಡನೆಯದೂ ಕರ್ಜಗಿಯದೇ. ಆದರೆ ಇದು ಊರಿನದಲ್ಲ, ಮನುಷ್ಯನದು.

ಹರಿದಾಸ ಸಾಹಿತ್ಯ ಗೊತ್ತಿದ್ದವರಿಗೆ ‘ಶ್ರೀದವಿಠಲ’ ಎಂಬ ಅಂಕಿತ ಗೊತ್ತು. ಆ ಅಂಕಿತದ ದಾಸರು ಕರ್ಜಗಿ ದಾಸಪ್ಪನವರು. ಅವರ ಗುರು ಮಾನ್ವಿಯ ಜಗನ್ನಾಥದಾಸರು, ‘ಹರಿಕಥಾಮೃತಸಾರ’ ಬರೆದವರು. ಆ ಗ್ರಂಥ ಓದುವುದರ ಫಲವನ್ನು ಹೇಳುವ ಫಲಶ್ರುತಿ ಸಂಧಿ ಶ್ರೀದವಿಠಲರದು. ಅಂದರೆ ಮಾನ್ವಿಯಲ್ಲಿ ಹುಟ್ಟಿದ ಪುಸ್ತಕಕ್ಕೆ ಮಂಗಳ ಹಾಡಿದ್ದು ಕರ್ಜಗಿಯ ದನಿ.

ದಾಸಪ್ಪನವರು ಮೊದಲು ಹಾಡು, ಸಂಗೀತ, ಭೋಗದಲ್ಲಿ ಮುಳುಗಿದ್ದರು, ಜಗನ್ನಾಥದಾಸರ ಭೇಟಿಯಾದ ಮೇಲೆ ಬದುಕೇ ತಿರುಗಿತು ಎಂದು ದಾಸಪರಂಪರೆಯ ಕಥೆ ಹೇಳುತ್ತದೆ. ಕಥೆಗಳಲ್ಲಿ ಇಂಥ ತಿರುವು ಯಾವಾಗಲೂ ಒಂದೇ ಗಳಿಗೆಯಲ್ಲಿ ಆಗುತ್ತದೆ. ಗುರುವಿನದೂ ಹಾಗೇ. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರನ್ನು ಕಂಡರೆ ಅವರಿಗೆ ಅಸಡ್ಡೆ. ವಿಜಯದಾಸರನ್ನು ಕಡೆಗಣಿಸಿದರು, ಹೊಟ್ಟೆಬೇನೆ ಹತ್ತಿತು, ಗೋಪಾಲದಾಸರ ಬಳಿ ಹೋಗಿ ಶರಣಾದರು, ತಾವೇ ಕನ್ನಡದ ದಾಸರಾದರು ಎಂಬುದು ಕಥೆ. ನಮ್ಮ ಜಿಲ್ಲೆಯ ಕನಕದಾಸರ ಕಥೆಯೂ ಹೀಗೇ ಇದೆ. ಬಾಡದ ನಾಯಕ ಯುದ್ಧದಲ್ಲಿ ಗಾಯಗೊಂಡು ಕಾಗಿನೆಲೆಯ ಆದಿಕೇಶವನ ದಾಸನಾದ ಎನ್ನುತ್ತಾರೆ.

ಇವುಗಳನ್ನು ಯಾರೂ ಪಲ್ಟಿ ಎನ್ನುವುದಿಲ್ಲ. ಯಾಕೆ? ಅವರು ಮೊದಲು ಕಲಿತದ್ದನ್ನು ಬಿಸಾಡಲಿಲ್ಲ. ದಾಸಪ್ಪನವರು ಹಾಡು ಬಿಡಲಿಲ್ಲ, ಹಾಡು ಯಾರಿಗಾಗಿ ಎನ್ನುವುದನ್ನು ಬದಲಿಸಿದರು. ಶ್ರೀನಿವಾಸಾಚಾರ್ಯರು ಪಾಂಡಿತ್ಯ ಬಿಡಲಿಲ್ಲ, ಅದನ್ನು ಕನ್ನಡಕ್ಕೆ ತಂದರು. ಇನ್ನೊಂದು ಕಾರಣವೂ ಇದೆ. ತಿರುಗಿದವರು ಯಾರು ಎಂಬುದು ಇಲ್ಲಿ ಸ್ಪಷ್ಟ. ಅವರೇ ತಿರುಗಿದರು, ಅದರ ಭಾರವನ್ನೂ ಅವರೇ ಹೊತ್ತರು. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಅವರು ಪಲ್ಟಿ ಹೊಡೆಯಲಿಲ್ಲ, ಹೊಳ್ಳಿ ನಿಂತರು.

ರಾಣೆಬೆನ್ನೂರಿನ ಒಂದೂವರೆ ವರ್ಷ

ಹೊಳ್ಳಿ ನಿಲ್ಲುವುದಕ್ಕೂ ಪಲ್ಟಿ ಹೊಡೆಯುವುದಕ್ಕೂ ಇರುವ ಅಂತರ ನೋಡಲು ರೈಲಿನಲ್ಲಿ ಸ್ವಲ್ಪ ಮುಂದೆ ಹೋದರೆ ಸಾಕು.

2018ರ ಮೇ ತಿಂಗಳಲ್ಲಿ ರಾಣೆಬೆನ್ನೂರಿನ ಮತದಾರರು ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದಿಂದ ನಿಂತ ಆರ್. ಶಂಕರ್ ಅವರನ್ನು ಗೆಲ್ಲಿಸಿದರು. ಜೂನ್‌ನಲ್ಲಿ ಅವರು ಕಾಂಗ್ರೆಸ್–ಜೆಡಿಎಸ್ ಸರ್ಕಾರದಲ್ಲಿ ಮಂತ್ರಿಯಾದರು. ಡಿಸೆಂಬರ್‌ನಲ್ಲಿ ಮಂತ್ರಿಸ್ಥಾನ ಹೋಯಿತು. 2019ರ ಜನವರಿಯಲ್ಲಿ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂದಕ್ಕೆ ಪಡೆದರು. ಜೂನ್‌ನಲ್ಲಿ ಅದೇ ಸರ್ಕಾರದಲ್ಲಿ ಮತ್ತೆ ಮಂತ್ರಿಯಾದರು. ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. ಹಿರೇಕೆರೂರಿನ ಶಾಸಕ ಬಿ.ಸಿ. ಪಾಟೀಲರೂ ಅನರ್ಹರಾದರು. ಒಟ್ಟು 17 ಶಾಸಕರಲ್ಲಿ ಇಬ್ಬರು ನಮ್ಮ ಒಂದೇ ಜಿಲ್ಲೆಯವರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್ 5ರಂದು ಎರಡೂ ಕಡೆ ಉಪಚುನಾವಣೆ ನಡೆಯಿತು.

ಆಗ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಪಲ್ಟಿಯದೇ ಮಾತು. ಇದು ನಮ್ಮ ಜಿಲ್ಲೆಗೆ ಮಾತ್ರ ಅಂಟಿದ ಚಾಳಿಯೂ ಅಲ್ಲ, ಹೊಸದೂ ಅಲ್ಲ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತು ದೇಶಕ್ಕೆಲ್ಲ ಹರಡಿದ್ದು ಅಲ್ಲಿಂದ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿದರು. ಅದನ್ನೇ ಪಕ್ಷಾಂತರ ನಿಷೇಧ ಕಾಯ್ದೆ ಎನ್ನುತ್ತೇವೆ. ಕಾಯ್ದೆ ಬಂದ ಮೇಲೆ ಪಲ್ಟಿಗಳು ನಿಲ್ಲಲಿಲ್ಲ, ಪಲ್ಟಿ ಹೊಡೆಯುವ ರೀತಿ ಬದಲಾಯಿತು. ಒಬ್ಬೊಬ್ಬರು ಹಾರುವ ಬದಲು ಗುಂಪಾಗಿ ರಾಜೀನಾಮೆ ಕೊಡುವುದು ಶುರುವಾಯಿತು.

ಇಲ್ಲಿ ನಾವು ಯಾರಿಗೂ ತೀರ್ಪು ಕೊಡುತ್ತಿಲ್ಲ. ಕೋರ್ಟು, ಮತದಾರರು ಅವರವರ ತೀರ್ಪು ಕೊಟ್ಟಿದ್ದಾರೆ. ನಮ್ಮ ಮಾತು ಪದದ ಬಗ್ಗೆ. ರಾಜಕೀಯದ ಸುದ್ದಿಯಲ್ಲಿ ‘ಪಲ್ಟಿ ಆಯಿತು’ ಎನ್ನುವುದಿಲ್ಲ, ‘ಪಲ್ಟಿ ಹೊಡೆದರು’ ಎನ್ನುತ್ತೇವೆ. ಮಾಡಿದವರ ಹೆಸರು ಮೊದಲೇ ಬರುತ್ತದೆ. ದೊಡ್ಡವರ ವಿಷಯದಲ್ಲಿ ನಮ್ಮ ಭಾಷೆ ಇಷ್ಟು ನೇರ.

ಆದರೆ ದರದ ವಿಷಯ ಬಂದಾಗ?

ಬ್ಯಾಡಗಿಯ ಒಂದು ಸೋಮವಾರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಸೋಮವಾರ ಮತ್ತು ಗುರುವಾರ ಕೂಡುತ್ತದೆ. ಡಬ್ಬಿ, ಕಡ್ಡಿ ತಳಿಗಳ ಬಣ್ಣಕ್ಕೆ ಊರೆಲ್ಲ ಹೆಸರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ಜಿಲ್ಲೆಯದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಇಲ್ಲಿಗೆ ಬರುತ್ತದೆ.

2024ರ ಮಾರ್ಚ್ 11, ಸೋಮವಾರ. ದರ ಏಕಾಏಕಿ ಕುಸಿಯಿತು ಎಂದು ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ದೇಶದ ಟಿವಿಗಳಲ್ಲೆಲ್ಲ ಬ್ಯಾಡಗಿಯ ಹೊಗೆ ಕಂಡಿತು. ಬೆಂಕಿ ಹಚ್ಚಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಸುದ್ದಿಯಲ್ಲಿ ಬಂದದ್ದು ಬೆಂಕಿ. ದರದ ಬಗ್ಗೆ ಬಂದದ್ದು ‘ದರ ಕುಸಿತ’, ‘ದರ ಪಲ್ಟಿ’ ಎಂಬ ಎರಡೇ ಪದ. ದರ ತಾನೇ ತಾನಾಗಿ ಮಹಡಿಯಿಂದ ಜಾರಿ ಬಿದ್ದ ಹಾಗೆ.

ದರಕ್ಕೆ ಕಾಲಿಲ್ಲ. ಅದು ತಾನಾಗಿ ಜಾರುವುದಿಲ್ಲ. ಮೆಣಸಿನಕಾಯಿ ಹೇಗೆ ಪೇಟೆಗೆ ಬರುತ್ತದೆ ಎನ್ನುವುದನ್ನು ಹೊಲದಿಂದ ಲೆಕ್ಕ ಹಾಕಿ. ಮುಂಗಾರಿನಲ್ಲಿ ಸಸಿ ಹಚ್ಚಬೇಕು. ಕಾಯಿ ಕೆಂಪಾಗಿ, ಬಿಡಿಸಿ, ಒಣಗಿಸಿ ಚೀಲ ತುಂಬುವ ಹೊತ್ತಿಗೆ ವರ್ಷ ಬದಲಾಗುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಆವಕ ಜೋರು. ಹಿಂದಿನ ಹಂಗಾಮಿನಲ್ಲಿ ಒಳ್ಳೆಯ ದರ ಸಿಕ್ಕಿದ್ದರೆ ಈ ಸಲ ಎಲ್ಲರೂ ಅದನ್ನೇ ಹಚ್ಚುತ್ತಾರೆ. ಎಲ್ಲರ ಕಾಯಿಯೂ ಒಂದೇ ತಿಂಗಳು ಒಣಗುತ್ತದೆ. ಬೀಜ, ಗೊಬ್ಬರ, ಔಷಧ, ಬಿಡಿಸುವ ಕೂಲಿ ಎಲ್ಲ ಸಾಲದ ಮೇಲೆ ನಿಂತಿರುವುದರಿಂದ ಇಟ್ಟುಕೊಂಡು ಕಾಯುವ ತ್ರಾಣ ಸಣ್ಣ ರೈತನಿಗಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕೆಂದರೆ ಬಾಡಿಗೆ ಬೇಕು, ಜಾಗ ಸಿಗಬೇಕು. ಕಾಯುವ ಶಕ್ತಿ ಕೊಳ್ಳುವವನಿಗಿದೆ, ಮಾರುವವನಿಗಿಲ್ಲ. ಇಂಥ ಪೇಟೆಯಲ್ಲಿ ಯಾವುದೋ ಒಂದು ಸೋಮವಾರ ದರ ಮಗುಚಲೇಬೇಕು. ಯಾವ ಸೋಮವಾರ ಎನ್ನುವುದು ಮಾತ್ರ ಗೊತ್ತಿರುವುದಿಲ್ಲ.

ಕರ್ಜಗಿಯ ತಿರುವಿನ ಹಾಗೇ ಇದೂ. ಬಿದ್ದದ್ದು ಒಂದು ದಿನ, ಬೀಳುವುದಕ್ಕೆ ಹತ್ತಿದ್ದು ಬಹಳ ದಿನ.

ಆಗು, ಹೊಡೆ, ಹೊಡೆಸು

ಕನ್ನಡದಲ್ಲಿ ಪಲ್ಟಿಗೆ ಮೂರು ಬಾಲ ಹಚ್ಚಬಹುದು. ‘ಪಲ್ಟಿ ಆಯಿತು’ ಅಂದರೆ ಯಾರೂ ಮಾಡಲಿಲ್ಲ. ‘ಪಲ್ಟಿ ಹೊಡೆದ’ ಅಂದರೆ ಅವನೇ ಮಾಡಿದ. ‘ಪಲ್ಟಿ ಹೊಡೆಸಿದರು’ ಅಂದರೆ ಬಿದ್ದವನು ಒಬ್ಬ, ಬೀಳಿಸಿದವರು ಬೇರೆ.

ನಮ್ಮದೇ ಹಳೆಯ ಸುದ್ದಿಗಳನ್ನು ತೆಗೆದು ಕೂತು ಓದಿದೆವು. ಒಂದು ವಿಷಯ ನೋಡಿ ನಾಚಿಕೆಯಾಯಿತು. ಮಂತ್ರಿ, ಶಾಸಕರ ಬಗ್ಗೆ ಬರೆಯುವಾಗ ‘ಹೊಡೆದರು’ ಎಂದು ಬರೆದಿದ್ದೇವೆ. ರೈತನ ದರ, ಕೂಲಿಯವರ ಟ್ರ್ಯಾಕ್ಟರ್, ಶಾಲೆಯ ಮಕ್ಕಳ ಆಟೊ, ಇಂಥವುಗಳ ಬಗ್ಗೆ ಬರೆಯುವಾಗ ಎಲ್ಲ ಕಡೆ ‘ಆಯಿತು’ ಎಂದೇ ಇದೆ, ಇಲ್ಲವೇ ಬಾಲವೇ ಇಲ್ಲದ ಬರೀ ‘ಪಲ್ಟಿ’. ‘ಹೊಡೆಸಿದರು’ ಎಂಬ ಮೂರನೆಯ ಬಾಲವನ್ನು ನಾವು ಒಂದು ಸಲವೂ ಬಳಸಿಲ್ಲ. ಟ್ರೇಲರ್‌ನಲ್ಲಿ ಚೀಲದ ಮೇಲೆ ಜನರನ್ನು ಕೂರಿಸಬಾರದು ಎಂಬ ನಿಯಮವಿದೆ. ಭಾರ ಎತ್ತರಕ್ಕೆ ಹೋದಷ್ಟೂ ಗಾಡಿ ತಿರುವಿನಲ್ಲಿ ನಿಲ್ಲುವುದಿಲ್ಲ ಎಂದು ಟ್ರ್ಯಾಕ್ಟರ್ ಓಡಿಸುವ ಪ್ರತಿ ಹುಡುಗನಿಗೂ ಗೊತ್ತು. ಆದರೂ ಹೇರುತ್ತಾರೆ, ಯಾಕೆಂದರೆ ಎರಡು ಸಲ ಹೋಗಿಬರಲು ಡೀಸೆಲ್ ದುಡ್ಡಿಲ್ಲ, ಆಳುಗಳನ್ನು ಕರೆದೊಯ್ಯಲು ಬೇರೆ ಗಾಡಿಯಿಲ್ಲ. ರಸ್ತೆಯ ಅಂಚು ಕುಸಿದಿದ್ದರೆ ಕೇಳುವವರಿಲ್ಲ. ಇಷ್ಟೆಲ್ಲವನ್ನೂ ಒಂದು ‘ಪಲ್ಟಿ’ ಮುಚ್ಚಿಹಾಕುತ್ತದೆ.

ತಪ್ಪು ಪದದ್ದಲ್ಲ. ಪದ ಹುಟ್ಟುವಾಗ ‘ಎಸೆಯಲ್ಪಟ್ಟದ್ದು’ ಎಂದು ಸರಿಯಾಗಿಯೇ ಹೇಳಿತ್ತು. ಎಸೆದವರು ಯಾರು ಎಂದು ಕೇಳುವುದನ್ನು ಬಿಟ್ಟವರು ನಾವು.

ಈ ಬರಹಕ್ಕೆ ಕೂರುವ ಮೊದಲು ಮತ್ತೊಮ್ಮೆ ಕರ್ಜಗಿಗೆ ಹೋಗಿ ಆ ತಿರುವು ನೋಡಿ ಬಂದೆವು. ಅಂಚು ಹಾಗೇ ಇದೆ. ಯಾರೋ ಊರವರು ಒಂದು ಜಾಲಿ ಟೊಂಗೆ ನೆಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾರೆ, ರಾತ್ರಿ ಬರುವವರಿಗೆ ಗುರುತಾಗಲಿ ಎಂದು. ಈ ಸಲ ನಾವು ಅಲ್ಲಿ ಏನಾದರೂ ಬೀಳುವುದಕ್ಕೆ ಕಾಯಲಿಲ್ಲ. ಆ ಕುಸಿದ ಅಂಚಿನ ಬಗ್ಗೆಯೇ ಸುದ್ದಿ ಬರೆದು ಕಳಿಸಿದ್ದೇವೆ. ನಿಮ್ಮೂರಿನ ದಾರಿಯಲ್ಲೂ ಇಂಥ ತಿರುವಿದ್ದರೆ, ಪಲ್ಟಿ ಆಗುವ ಮೊದಲೇ ನಮಗೆ ಹೇಳಿ.